ಸಾರಿಗೆ ಹಾಕುವ ಮರ

ನಮ್ಮ ಅಡುಗೆಯಲ್ಲಿ ಮರ ತಿನ್ನುವುದು ಹೊಸದೇನಲ್ಲ. ಚಕ್ಕೆ ಅಂದರೆ ಮರದ ತೊಗಟೆ. ಮರಾಠಿ ಮೊಗ್ಗು ಕೈಯಲ್ಲಿ ಹಿಡಿದರೆ ಹಳೇ ಬಾಗಿಲಿನಿಂದ ಕಿತ್ತ ಮರದ ಮೊಳೆಯ ಹಾಗಿರುತ್ತದೆ. ಕಲ್ಲುಹೂವು ಎಲ್ಲಿ ಬೆಳೆಯುತ್ತದೆ ಎಂದು ನೋಡಿದವರು ಅದನ್ನು ಬಾಯಿಗೆ ಹಾಕುವ ಮೊದಲು ಎರಡು ಸಲ ಯೋಚಿಸಬೇಕು. ಆದರೂ ಕಾಟನ್‌ಪೇಟೆಯ ಮಸಾಲೆ ಅಂಗಡಿಯಲ್ಲಿ ಇದನ್ನೆಲ್ಲ ತೂಗಿ ಕೊಡುವವರನ್ನು ನಮ್ಮ ಮನೆಯವರು ಯಾರೂ ಇದು ತಿನ್ನುವಂಥದ್ದೇ ಹೌದಾ ಎಂದು ಕೇಳಿದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದಿನ ಕಥೆ ಕೇಳಿದವರೆಲ್ಲ "ಅಷ್ಟೂ ಗೊತ್ತಾಗ್ಲಿಲ್ವೇನ್ರೀ ನಿಮಗೆ" ಅನ್ನುತ್ತಾರೆ. ಗೊತ್ತಾಗಲಿಲ್ಲ.

ನಮ್ಮದು ಚಾಮರಾಜಪೇಟೆಯಲ್ಲಿ ಮನೆ, ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ. ಪತ್ರಿಕೆಯ ಒಕ್ಕಣೆ ಬರೆಯುವುದು ಅಜ್ಜನ ಕೆಲಸ. ನಾನು ಕನ್ನಡ ಕಲಿತದ್ದು ಅವರ ಪಕ್ಕದ ಸ್ಟೂಲಿನ ಮೇಲೆ ಕೂತು. ಹಾಗಾಗಿ ಬಹಳ ದಿನ ನನಗೆ, ಮನೆಗೆ ಗ್ಯಾಸ್ ಸಿಲಿಂಡರಿನವರು ಬಂದರೂ ಸಕುಟುಂಬ ಸಪರಿವಾರ ಬರಬೇಕಾಗಿತ್ತಲ್ಲ ಅನ್ನಿಸುತ್ತಿತ್ತು. ಅಜ್ಜ ಹೋದ ಮೇಲೆ ಅಪ್ಪ ಅಂಗಡಿ ನೋಡಿಕೊಂಡರು. ನನಗೆ ಕಾರ್ಡಿಗಿಂತ ಕಾರ್ಡು ಅಚ್ಚು ಹಾಕುವ ಮಷೀನು ಇಷ್ಟವಾಗಿ ಅದರ ರಿಪೇರಿ ಕಲಿತೆ. ಆ ಕಲಿಕೆ ಎಲ್ಲಿಗೆ ಹೋಗಿ ಮುಟ್ಟಿತೆಂದರೆ, ಮಷೀನು ತಯಾರಿಸುವ ಜಪಾನಿನ ಕಂಪನಿಯೊಂದು ಎರಡು ವರ್ಷದ ಕೆಲಸಕ್ಕೆ ನನ್ನನ್ನು ತನ್ನ ಊರಿಗೇ ಕರೆಸಿಕೊಂಡಿತು.

ಹೊರಡುವ ದಿನ ಅಮ್ಮ ದೇವರ ಮನೆಯ ಮುಂದೆ ನಿಲ್ಲಿಸಿದರು. ಕುಡಿಯಬೇಡ, ಸೇದಬೇಡ ಎಂದೇನೂ ಹೇಳಲಿಲ್ಲ. ಅದೆಲ್ಲ ಅಪ್ಪನ ಇಲಾಖೆ. ಅಮ್ಮನದು ಒಂದೇ ಮಾತು: "ಕೊರಳಲ್ಲಿರೋ ಲಿಂಗ ಮುಟ್ಟಿ ಹೇಳು. ಮೀನು, ಮಾಂಸ, ಮೊಟ್ಟೆ ಮುಟ್ಟಲ್ಲ ಅಂತ." ಮುಟ್ಟಿ ಹೇಳಿದೆ. ಆಮೇಲೆ ಒಂದು ಸ್ಟೀಲ್ ಡಬ್ಬಿ ಕೈಗಿಟ್ಟರು. ಅದರ ಮುಚ್ಚಳದ ಮೇಲೆ ಅಮ್ಮನ ಹೆಸರು, ಮದುವೆಯ ತಾರೀಖು ಕೊರೆದಿದೆ. ಒಳಗೆ ಶೇಂಗಾ ಚಟ್ನಿಪುಡಿ. ಅದು ನನಗಲ್ಲ, ಅಲ್ಲಿ ನನಗೆ ಮನೆ ಬಾಡಿಗೆಗೆ ಕೊಡುವವರಿಗೆ. ಬರಿಗೈಲಿ ಹೋಗಿ ಯಾರ ಮನೆಯಲ್ಲೂ ಇರಬಾರದಂತೆ. "ಡಬ್ಬಿ ಮಾತ್ರ ಜೋಪಾನ" ಅಂದರು.

ಬಾಡಿಗೆ ಕೊಟ್ಟವರು ಎಪ್ಪತ್ತೈದರ ಆಸುಪಾಸಿನ ಒಬ್ಬ ಅಜ್ಜಿ. ಕೆಳಗೆ ಅವರು, ಮೇಲೆ ನಾನು. ನಾನು ಹೋದ ದಿನವೇ ಜಪಾನೀ ಭಾಷೆಯಲ್ಲಿ ಬಾಯಿಪಾಠ ಮಾಡಿದ್ದ ಮೂರು ವಾಕ್ಯಗಳನ್ನು ಒಪ್ಪಿಸಿದೆ. ಮಾಂಸ ತಿನ್ನುವುದಿಲ್ಲ. ಮೀನು ತಿನ್ನುವುದಿಲ್ಲ. ಮೊಟ್ಟೆ ತಿನ್ನುವುದಿಲ್ಲ. ಅಜ್ಜಿ ಒಂದೊಂದು ವಾಕ್ಯಕ್ಕೂ ಒಂದೊಂದು ಸಲ ತಲೆ ಬಾಗಿಸಿದರು. ಚಟ್ನಿಪುಡಿ ಕೊಟ್ಟೆ. ನಾಲ್ಕು ದಿನದ ಮೇಲೆ ಡಬ್ಬಿ ವಾಪಸ್ ಬಂತು, ಒಳಗೆ ಎಂಟು ಬೆಲ್ಲದ ಮಿಠಾಯಿಗಳ ಸಮೇತ. ತಂದ ಪಾತ್ರೆಯನ್ನು ಖಾಲಿಯಾಗಿ ಹಿಂದಕ್ಕೆ ಕೊಡಬಾರದೆಂಬುದು ಅವರಲ್ಲೂ ಇದೆಯಂತೆ. ಇದನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಜಪಾನಿನ ಬಗ್ಗೆ ತಮ್ಮ ಅಭಿಪ್ರಾಯವನ್ನು ಅಲ್ಲೇ ಮುಗಿಸಿಬಿಟ್ಟರು. "ಮರ್ಯಾದಸ್ಥರು. ನೀನು ಧೈರ್ಯವಾಗಿರು."

ನನಗಲ್ಲಿ ಸಂಜೆ ಏಳಾದರೆ ಬೆಂಗಳೂರಲ್ಲಿ ಮಧ್ಯಾಹ್ನ ಮೂರೂವರೆ, ಅಮ್ಮನ ಕಾಫಿ ಸಮಯ. ದಿನವೂ ಆ ಹೊತ್ತಿಗೆ ವಿಡಿಯೋ ಕಾಲ್. ಹವಾಮಾನ, ಕೆಲಸ, ಭೂಕಂಪ ಇವು ಯಾವುವೂ ಅವರಿಗೆ ಬೇಡ. ಇವತ್ತು ಏನು ತಿಂದೆ, ಅದು ನಮ್ಮಲ್ಲಿ ಯಾವುದರ ಹಾಗಿತ್ತು, ಇಷ್ಟೇ. ಹಾಗಾಗಿ ನಾನು ತಿನ್ನುವಾಗಲೇ ಹೋಲಿಕೆ ಹುಡುಕುತ್ತ ತಿನ್ನುವ ಅಭ್ಯಾಸವಾಯಿತು. ಹುರಿದ ಸೋಯಾ ಹಿಟ್ಟನ್ನು ಉದುರಿಸಿದ ಅಕ್ಕಿಯ ಉಂಡೆ ನಮ್ಮ ತಂಬಿಟ್ಟಿಗೆ ದೂರದ ದಾಯಾದಿ. ಕೆಂಪಗೆ ಉಪ್ಪಲ್ಲಿ ಊರಿದ ಒಂದು ಹಣ್ಣು, ಭರಣಿಯ ತಳದಲ್ಲಿ ಐದು ವರ್ಷ ಕೂತ ನಿಂಬೆಕಾಯಿ ಉಪ್ಪಿನಕಾಯಿಯೇ. ಬೆಂಡೆಕಾಯಿಯನ್ನು ಅಜ್ಜಿ ಬರೀ ಬಿಸಿನೀರಲ್ಲಿ ಅದ್ದಿ ತೆಗೆದು, ಲೋಳೆ ಎಳೆಎಳೆಯಾಗಿ ಬರುವ ಹಾಗೆ ಕುಟ್ಟಿ ಅನ್ನದ ಮೇಲೆ ಹಾಕಿಕೊಂಡು ತಿನ್ನುತ್ತಾರೆ ಅಂದೆ. ಮಾರನೆ ದಿನ ಅಮ್ಮ, ಬಾಣಲೆಯಲ್ಲಿ ಒಂದು ಚೂರು ಹುಣಸೆರಸ ಹಾಕಿ ಹುರಿದರೆ ಲೋಳೆ ಹೋಗುತ್ತೆ ಅಂತ ಪಾಪ ಅವರಿಗೆ ಹೇಳಿಕೊಡು ಅಂದರು. ಲೋಳೆಗಾಗಿಯೇ ತಿನ್ನುತ್ತಾರಮ್ಮ ಅಂದೆ. ನಂಬಲಿಲ್ಲ. ಇನ್ನೊಂದು ದಿನ ಸಂತೆಯಲ್ಲಿ ಕೊಂಡ ಮೂಲಂಗಿಯನ್ನು ಕ್ಯಾಮೆರಾ ಮುಂದೆ ಹಿಡಿದೆ. ಅದು ನನ್ನ ತೋಳಿನಷ್ಟು ಉದ್ದ, ತೊಡೆಯಷ್ಟು ದಪ್ಪ. "ಎತ್ತಿ ಹಿಡೀಬೇಡ, ಮಲಗಿಸು ಅದನ್ನ" ಅಂದರು.

ಆದರೆ ಎಲ್ಲಕ್ಕಿಂತ ದೊಡ್ಡ ಶೋಧ ಅಂದರೆ ಅಜ್ಜಿಯ ತಿಳಿಸಾರು.

ಬೇಳೆಯಿಲ್ಲ, ಹುಣಸೆಯಿಲ್ಲ, ಖಾರವಿಲ್ಲ. ನೋಡುವುದಕ್ಕೆ ಚಹಾ ಸೋಸಿದ ನೀರು. ನಾಲ್ಕು ತುಂಡು ಸೋಯಾ ಪನೀರು, ಎರಡು ಎಲೆ. ದಿನಾ ಬೆಳಿಗ್ಗೆ ಒಂದು ಬಟ್ಟಲು ಮೇಲಕ್ಕೆ ಬರುತ್ತಿತ್ತು. ಮೊದಲ ದಿನ ಮರ್ಯಾದೆಗೆ ಕುಡಿದೆ. ಒಂದು ವಾರದ ಮೇಲೆ ಬಟ್ಟಲಿಗಾಗಿ ಮೆಟ್ಟಿಲ ಹತ್ತಿರ ಕಿವಿ ಕೊಟ್ಟು ಕೂರುವ ಹಾಗಾಯಿತು. ಈ ರುಚಿ ಎಲ್ಲಿಂದ ಬರುತ್ತದೆ ಎಂದು ಅಡುಗೆಮನೆಗೆ ಹೋಗಿ ನೋಡಿದೆ. ಅಜ್ಜಿ ಒಂದು ಮರದ ಪೆಟ್ಟಿಗೆ ತೆಗೆದರು. ಮೇಲೆ ಬಡಗಿಯ ಕೀಸುಳಿಯ ಹಾಗೆ ಅಲಗು, ಕೆಳಗೆ ಡ್ರಾಯರು. ಕೈಯಲ್ಲಿ ಗೇಣುದ್ದದ ಒಂದು ಕಂದು ಮರದ ತುಂಡು. ಅದನ್ನು ಅಲಗಿನ ಮೇಲೆ ಉಜ್ಜಿದ ಹಾಗೆ ಡ್ರಾಯರಿನೊಳಗೆ ಹೊಟ್ಟು ಬೀಳುತ್ತಿತ್ತು, ತೆಳ್ಳಗೆ, ಗುಲಾಬಿ ಬಣ್ಣದ ಸುರುಳಿಗಳು. ಎರಡು ತುಂಡನ್ನು ಒಂದಕ್ಕೊಂದು ಬಡಿದರೆ ಟಣ್ ಅನ್ನುತ್ತಿತ್ತು. ಮೂಸಿದೆ. ಹೊಗೆಯ ವಾಸನೆ, ಸೌದೆ ಒಲೆಯ ಮೇಲಿನ ತೊಲೆಯ ಹಾಗೆ. ಒಂದು ಹಿಡಿ ಹೊಟ್ಟನ್ನು ಬಿಸಿನೀರಿಗೆ ಹಾಕಿ, ಸೋಸಿ ತೆಗೆದುಬಿಟ್ಟರು.

ನಾನು ಅಚ್ಚಿನ ಮನೆಯವನು. ಕಾಗದ, ರಟ್ಟು, ಮರ ಇವುಗಳ ನಡುವೆ ಬೆಳೆದವನು. ಅದು ಯಾವುದೋ ಮರದ ಚೇಗು ಎಂಬ ಬಗ್ಗೆ ನನಗೆ ಒಂದು ಕ್ಷಣಕ್ಕೂ ಅನುಮಾನ ಬರಲಿಲ್ಲ. ನಮ್ಮ ಚಕ್ಕೆಯ ಹಾಗೆ ಇವರದೊಂದು. ಆ ಸಂಜೆ ಅಮ್ಮನಿಗೆ ಹೇಳಿದೆ, "ಸಾರಿಗೆ ಮರ ತುರಿದು ಹಾಕ್ತಾರಮ್ಮ, ಏನು ರುಚಿ ಅಂತೀಯ." ಅಮ್ಮ ಕೇಳಿದ್ದು, ಬೆಳ್ಳುಳ್ಳಿ ಹಾಕ್ತಾರಾ ಅಂತ. ಇಲ್ಲ ಅಂದೆ. ಹಾಗಾದರೆ ಸೋಮವಾರವೂ ಆಗುತ್ತೆ ಅಂದರು.

ಏಳನೇ ತಿಂಗಳಲ್ಲಿ ಚಿಕ್ಕಪ್ಪನ ಮಗಳ ಮದುವೆಗೆಂದು ಊರಿಗೆ ಬಂದೆ. ಅಜ್ಜಿಗೆ ವಿಷಯ ತಿಳಿದು, ಅಮ್ಮನ ಸ್ಟೀಲ್ ಡಬ್ಬಿ ಕೇಳಿ ತೆಗೆದುಕೊಂಡು, ಆ ಹೊಟ್ಟನ್ನು ಹುರಿದು ಪುಡಿ ಮಾಡಿ ಗಟ್ಟಿಯಾಗಿ ಒತ್ತಿ ತುಂಬಿ ಕೊಟ್ಟರು. ಮದುವೆಯ ಗಲಾಟೆಯಲ್ಲಿ ಡಬ್ಬಿಯನ್ನು ಅಮ್ಮನ ಕೈಗಿಟ್ಟದ್ದಷ್ಟೇ. ಅದರ ಸಾರು ಮಾಡಿಸಿ ಕುಡಿಯುವುದಕ್ಕೆ ಪುರಸೊತ್ತಾಗಲಿಲ್ಲ. ಹತ್ತು ದಿನ ಇದ್ದು ಹೊರಟೆ.

ನಾನು ಹೋಗಿ ಮೂರು ವಾರಕ್ಕೆ ಫೋನಿನಲ್ಲಿ ಅಮ್ಮ, ಪುಡಿ ಬಹಳ ಚೆನ್ನಾಗಿದೆ, ವಾರಕ್ಕೆರಡು ಸಲ ಹಾಕ್ತಿದೀನಿ ಅಂದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಇನ್ನೊಂದು ತಿಂಗಳಿಗೆ, ಮನೆಗೆ ಸ್ವಾಮಿಗಳು ಪಾದಪೂಜೆಗೆ ಬಂದಿದ್ದರು, ಸಾರು ಎರಡು ಸಲ ಹಾಕಿಸಿಕೊಂಡರು, ಇದೆಲ್ಲ ನೀನು ತಂದದ್ದರ ಪುಣ್ಯ ಅಂದರು ಅಮ್ಮ. ಅದಾದ ಸ್ವಲ್ಪ ದಿನಕ್ಕೆ, ಡಬ್ಬಿ ಖಾಲಿ, ಯಾರಾದರೂ ಈ ಕಡೆ ಬರೋರಿದ್ರೆ ಇನ್ನಷ್ಟು ಕಳಿಸು ಅಂದರು. ಕಂಪನಿಯಿಂದ ಬೆಂಗಳೂರಿಗೆ ಬರುವವರೊಬ್ಬರ ಕೈಲಿ ಎರಡು ಪೊಟ್ಟಣ ಕಳಿಸಿದೆ.

ಹನ್ನೊಂದನೇ ತಿಂಗಳಲ್ಲಿ ಅಜ್ಜಿಯ ಮರದ ತುಂಡು ಸವೆದು ಹೋಯಿತು. ಹೊಸದು ತರಲು ನನ್ನನ್ನೂ ಕರೆದುಕೊಂಡು ಹೋದರು. ಬಂದರಿನ ಹತ್ತಿರದ ಹಳೇ ಅಂಗಡಿ. ಬಾಗಿಲಲ್ಲೇ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಸಾಲಾಗಿ ನಾಲ್ಕು ವಸ್ತು ಇಟ್ಟಿದ್ದರು. ಗಿರಾಕಿಗಳಿಗೆ ಇದು ಹೇಗೆ ತಯಾರಾಗುತ್ತದೆಂದು ತೋರಿಸುವುದಕ್ಕೆ. ಮೊದಲನೆಯದು ಕಣ್ಣು ಬಿಟ್ಟುಕೊಂಡ ಇಡೀ ಮೀನಿನ ಬೊಂಬೆ. ಎರಡನೆಯದು ಸೀಳಿದ ಮೀನು. ಮೂರನೆಯದು ಹೊಗೆಯಲ್ಲಿ ಒಣಗಿ ಕಪ್ಪಾದ ಮೀನು. ನಾಲ್ಕನೆಯದು ನಮ್ಮ ಮರ.

ನಾನು ಆ ನಾಲ್ಕನ್ನೂ ಎಡದಿಂದ ಬಲಕ್ಕೆ ನೋಡಿದೆ. ಆಮೇಲೆ ಬಲದಿಂದ ಎಡಕ್ಕೆ ನೋಡಿದೆ. ಆ ಕಡೆಯಿಂದಲೂ ಅದು ಮೀನಿಗೇ ಹೋಗಿ ಮುಟ್ಟುತ್ತಿತ್ತು.

ಅಜ್ಜಿಯನ್ನು ಕೇಳಿದೆ. ಆ ಹೊತ್ತಿಗೆ ಬೇಕಾದ ಮಾತು ಬಾಯಿಗೆ ಬರದೆ ಫೋನಿನಲ್ಲಿ ಅನುವಾದ ಮಾಡಿಸಿ ತೋರಿಸಿದೆ: ನಾನು ಮೀನು ತಿನ್ನುವುದಿಲ್ಲ ಎಂದಿದ್ದೆನಲ್ಲ. ಅಜ್ಜಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. ಅವರು ಹೇಳಿದ್ದನ್ನು ಫೋನು ಹೀಗೆ ತಿರುಗಿಸಿತು: "ಅದರಲ್ಲಿ ಮೀನಿಲ್ಲ. ಮೀನನ್ನು ಸೋಸಿ ತೆಗೆದಿದ್ದೇನೆ." ಅವರು ಮೋಸ ಮಾಡಿರಲಿಲ್ಲ. ಅವರ ಲೆಕ್ಕದಲ್ಲಿ ಮೀನು ಅಂದರೆ ತಟ್ಟೆಯಲ್ಲಿ ಮಲಗಿರಬೇಕು. ನಾವು ತಾನೇ ಒಗ್ಗರಣೆಗೆ ಇಂಗು ಹಾಕಿ, ಈ ಸಾರು ಯಾತರದ್ದು ಎಂದು ಕೇಳಿದರೆ ಬೇಳೆಯದ್ದು ಅನ್ನುವುದಿಲ್ಲವೆ, ಹಾಗೆ. ನನಗೆ ಸಂಕಟವಾಗಿದೆ ಅನ್ನುವುದು ಕೊನೆಗೆ ಹೊಳೆದಾಗ ಅವರು ಆ ಅಂಗಡಿಯ ಬಾಗಿಲಲ್ಲೇ ನಡು ಬಗ್ಗಿಸಿ ನಿಂತರು. ಬಹಳ ಹೊತ್ತು ಮೇಲೇಳಲಿಲ್ಲ. ಎರಡು ದಿನ ಬಟ್ಟಲು ಬರಲಿಲ್ಲ. ಮೂರನೇ ದಿನ ಬಂತು. ಈ ಸಲ ಕಡಲ ಪಾಚಿ ಮತ್ತು ಒಣ ಅಣಬೆಯ ನೀರಿನದು. ಪಾಚಿ, ಅಣಬೆ ಎರಡನ್ನೂ ಪ್ರತ್ಯೇಕ ಕಾಗದದಲ್ಲಿ ಸುತ್ತಿ ಸಾಕ್ಷಿಗೆ ಬಟ್ಟಲಿನ ಪಕ್ಕದಲ್ಲಿಟ್ಟಿದ್ದರು. ಕುಡಿದೆ. ಚೆನ್ನಾಗಿತ್ತು. ರುಚಿ ಮಾತ್ರ ಮೊದಲಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿತ್ತು. ಅದನ್ನು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ನನ್ನದೇನೋ ಹೇಗೋ ಆಯಿತು. ಗೊತ್ತಿಲ್ಲದೆ ಆದದ್ದು, ಗೊತ್ತಾದ ಮೇಲೆ ಬಿಟ್ಟೆ. ಆದರೆ ಅಮ್ಮ? ಮದುವೆಯಾಗಿ ಬಂದಂದಿನಿಂದ ಲಿಂಗಪೂಜೆಯಾಗದೆ ನೀರು ಮುಟ್ಟದವರು. ಹೊರಗೆ ಕೇಕು ಕೊಟ್ಟರೆ ಅದರಲ್ಲಿ ಮೊಟ್ಟೆ ಇಲ್ಲ ತಾನೇ ಅಂತ ಬೇಕರಿಯವರ ಕಣ್ಣಲ್ಲಿ ಕಣ್ಣಿಟ್ಟು ಕೇಳುವವರು. ಅವರಿಗೆ ವಾರಕ್ಕೆರಡು ಸಲ ನಾನೇ ಕೈಯಾರೆ ಮೀನು ತಿನ್ನಿಸಿದೆ. ಅಷ್ಟೇ ಆಗಿದ್ದರೆ ಹೇಗಾದರೂ ಹೇಳಬಹುದಿತ್ತೇನೋ. ಸ್ವಾಮಿಗಳು ಎರಡು ಸಲ ಹಾಕಿಸಿಕೊಂಡಿದ್ದರು.

ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಹೇಳದೆ ಮುಚ್ಚಿಡಲೂ ಆಗಲಿಲ್ಲ, ಏಕೆಂದರೆ ಅಮ್ಮ ಬಿಡುತ್ತಿರಲಿಲ್ಲ. "ಪುಡಿ ಮುಗೀತಾ ಬಂತು ಕಣೋ" ಅನ್ನುತ್ತಿದ್ದರು. ಈಗ ಸಿಗುತ್ತಿಲ್ಲ ಅಂದೆ. ಇರೋದನ್ನು ಹಾಕಬೇಡ, ಹಳೇದಾಗಿರುತ್ತೆ, ಎಸೆದುಬಿಡು ಅಂದೆ. ಅಷ್ಟು ಒಳ್ಳೇದನ್ನ ಎಸೀತಾರೇನೋ ಅಂದರು. ಇತ್ತ ನಾನು ಕೂತು ಕಾಗದದ ಮೇಲೆ ತಪ್ಪೊಪ್ಪಿಗೆಯ ಮಾತುಗಳನ್ನು ಬರೆದು ನೋಡಿದೆ. ಅಜ್ಜನ ಪಕ್ಕದಲ್ಲಿ ಕಲಿತ ಕನ್ನಡವಾದ್ದರಿಂದ ಎಲ್ಲಾ ಕರಡೂ "ತಮ್ಮಲ್ಲಿ ಸವಿನಯ ವಿಜ್ಞಾಪನೆಗಳು" ಎಂದೇ ಶುರುವಾಗಿ, ಕೊನೆಗೆ ಆಶೀರ್ವಾದವೇ ಉಡುಗೊರೆ ಎನ್ನುವಲ್ಲಿಗೆ ಹೋಗಿ ನಿಲ್ಲುತ್ತಿದ್ದವು.

ಮೂರು ತಿಂಗಳು ಬಿಟ್ಟು ರಜೆ ಸಿಕ್ಕಿತು. ಮನೆಗೆ ಬಂದ ಮರುದಿನ ಬೆಳಿಗ್ಗೆ ಅಪ್ಪ ಊಟದ ಮನೆಯಲ್ಲಿ ಪೇಪರು ಓದುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಹುರುಳೀಕಾಯಿ ಸೋಸುತ್ತ ಕೂತಿದ್ದರು. ಒಲೆಯ ಮೇಲೆ ಬೇಳೆ. ನಾನು ಹೋಗಿ ಎದುರಿಗೆ ನೆಲದ ಮೇಲೆ ಕೂತೆ. ಹೇಳಿದೆ. ಗಾಜಿನ ಪೆಟ್ಟಿಗೆಯಲ್ಲಿದ್ದ ನಾಲ್ಕನ್ನೂ ಕ್ರಮವಾಗಿ ಹೇಳಿದೆ.

ಅಮ್ಮ ಕೈಯಲ್ಲಿದ್ದ ಕಾಯಿಯ ನಾರು ಪೂರ್ತಿ ಎಳೆದು ಬದಿಗಿಟ್ಟರು. "ಮೀನಾ?" ಅಂದರು.

"ಮೀನು."

"ಅದಕ್ಕೇ ಮತ್ತೆ" ಅಂದರು. ಎದ್ದರು. ನನ್ನನ್ನು ಕರೆದುಕೊಂಡು ಹಿತ್ತಲ ಬಾಗಿಲು ತೆಗೆದರು.

ನಮ್ಮ ಹಿತ್ತಲೆಂದರೆ ಎರಡು ಮಂಚದಗಲದ ಜಾಗ. ಅಲ್ಲಿ ನಲ್ಲಿಯ ಪಕ್ಕ ಹಳೇ ಪೇಂಟ್ ಡಬ್ಬದಲ್ಲಿ ಒಂದು ಕರಿಬೇವಿನ ಗಿಡ ಇತ್ತು. ನಾನು ಕಂಡಾಗಿನಿಂದ ಅದು ನನ್ನ ಮೊಣಕಾಲು ದಾಟಿರಲಿಲ್ಲ. ಒಂದು ಒಗ್ಗರಣೆಗೆ ಎಲೆ ಕೊಟ್ಟು ಒಂದು ತಿಂಗಳು ಸುಧಾರಿಸಿಕೊಳ್ಳುತ್ತಿತ್ತು. ಈಗ ಅದು ಡಬ್ಬವನ್ನು ಸೀಳಿಕೊಂಡು, ಬೇರನ್ನು ನೆಲಕ್ಕಿಳಿಸಿ, ಪಕ್ಕದ ಮನೆಯ ಕಾಂಪೌಂಡಿನ ಮೇಲೆ ಕೈ ಹಾಕಿ ನಿಂತಿತ್ತು. ಎಲೆಗಳು ಎಣ್ಣೆ ಹಚ್ಚಿದ ಹಾಗೆ ಕರ್ರಗೆ ಹೊಳೆಯುತ್ತಿದ್ದವು.

ಅಮ್ಮ ವಿವರಿಸಿದರು. ನಾನು ಹೊರಟ ದಿನವೇ ಡಬ್ಬಿ ತೆಗೆದು ಮೂಸಿದರಂತೆ. ಹೊಗೆ ಕುಡಿದ ಕಂಬಳಿಯ ವಾಸನೆ. ಬಾಯಿಗೆ ಹಾಕುವ ಮಾತೇ ಇಲ್ಲ. ಆದರೆ ಯಾರೋ ಅಷ್ಟು ಪ್ರೀತಿಯಿಂದ ಕುಟ್ಟಿ ಕಳಿಸಿದ್ದನ್ನು ಕಸಕ್ಕೆ ಹಾಕುವುದು ಹೇಗೆ? ಮರದ್ದು ಅಂತ ನಾನೇ ಹೇಳಿದ್ದೆ. ಮರದ್ದನ್ನು ಮಣ್ಣಿಗೆ ಹಾಕಿದರೆ ತಪ್ಪಿಲ್ಲ ಅಂತ ಗಿಡದ ಬುಡಕ್ಕೆ ಹಾಕಿದರು. ಹದಿನೈದು ದಿನಕ್ಕೆ ಗಿಡ ಚಿಗುರಿತು. ಆಮೇಲೆ ವಾರಕ್ಕೆರಡು ಸಲ.

"ಚೆನ್ನಾಗಿದೆ ಅಂದ್ಯಲ್ಲಮ್ಮ ಫೋನಲ್ಲಿ."

"ಚೆನ್ನಾಗೇ ಇದೆಯಲ್ಲೋ. ನೋಡು."

"ಸ್ವಾಮಿಗಳ ಸಾರಿಗೆ?"

"ಕರಿಬೇವು ಹಾಕ್ದೆ. ಎರಡು ಸಲ ಹಾಕಿಸ್ಕೊಂಡ್ರು."

ನಾನು ಗಿಡವನ್ನೇ ನೋಡುತ್ತ ನಿಂತೆ. ಮೂರು ತಿಂಗಳು ಎದೆಯ ಮೇಲಿದ್ದ ಕಲ್ಲು ಇಳಿಯಿತೆಂದುಕೊಂಡೆ. ಅಷ್ಟರಲ್ಲಿ ಅಮ್ಮ ನನ್ನ ಕಡೆ ತಿರುಗಿದರು. ನನ್ನ ವಿಷಯ ಇನ್ನೂ ಬಾಕಿ ಇದೆ ಎನ್ನುವುದು ನನಗೆ ಹೊಳೆದದ್ದು ಆಗ.

"ನೀನು ಎಷ್ಟು ದಿನ ತಿಂದೆ?"

"ಹನ್ನೊಂದು ತಿಂಗಳು."

"ಗೊತ್ತಾದ ಮೇಲೆ?"

"ಒಂದು ದಿನಾನೂ ಇಲ್ಲ."

ಅಮ್ಮ ಗಿಡದ ಒಂದು ಹಣ್ಣೆಲೆ ಕಿತ್ತು ಬುಡಕ್ಕೆ ಹಾಕಿದರು. "ರುಚಿಯಾಗಿತ್ತಾ?"

ಇಲ್ಲ ಅನ್ನಬಹುದಿತ್ತು. ಅನ್ನುವುದು ಸುಲಭವೂ ಆಗಿತ್ತು. "ತುಂಬ ರುಚಿಯಾಗಿತ್ತಮ್ಮ" ಅಂದೆ.

ಅವರು ನನ್ನ ಮುಖವನ್ನು ಬೇಕರಿಯವರನ್ನು ನೋಡುವ ಹಾಗೆ ನೋಡಿದರು. "ಸದ್ಯ, ಅದೊಂದು ಸುಳ್ಳು ಹೇಳ್ಲಿಲ್ಲ. ಹೋಗು, ಸ್ನಾನ ಮಾಡಿ ವಿಭೂತಿ ಹಚ್ಕೊಂಡು ಪೂಜೆಗೆ ಕೂತ್ಕೋ. ನಾನು ಕರೆಯೋವರೆಗೂ ಏಳಬೇಡ." ಅಂದು ಅವರು ಕರೆದಾಗ ಹನ್ನೊಂದೂವರೆ. ತಿಂಗಳಿಗೆ ಇಷ್ಟು ನಿಮಿಷ ಅಂತ ಏನಾದರೂ ಇಟ್ಟುಕೊಂಡಿದ್ದರೋ ಏನೋ, ಕೇಳಲಿಲ್ಲ.

ಊಟಕ್ಕೆ ಕೂತಾಗ ನನಗೊಂದು ಸಂದೇಹ ಉಳಿದಿತ್ತು. ಗಿಡ ತಿಂದದ್ದು ಮೀನು. ನಾವು ತಿನ್ನುತ್ತಿರುವುದು ಗಿಡ. ಕೇಳಿಯೇಬಿಟ್ಟೆ. ಅಮ್ಮ ಸೌಟು ಹಿಡಿದುಕೊಂಡು ಸ್ವಲ್ಪ ಯೋಚಿಸಿದರು. "ಗಿಡಕ್ಕೇನು ಲಿಂಗದೀಕ್ಷೆ ಆಗಿದೆಯೇನೋ? ಅದು ಏನು ಬೇಕಾದ್ರೂ ತಿನ್ಲಿ. ನಾವು ತಿನ್ನೋದು ಎಲೆ." ಅಪ್ಪ ಇಷ್ಟೂ ಹೊತ್ತು ಏನನ್ನೂ ಕೇಳಿಸಿಕೊಳ್ಳದವರ ಹಾಗೆ ಉಣ್ಣುತ್ತಿದ್ದರು. ಸಾರು ಇನ್ನೊಂದು ಸೌಟು ಹಾಕಿಸಿಕೊಂಡು, "ಈಚೆಗೆ ಒಗ್ಗರಣೆ ಬಹಳ ಘಮ ಬರ್ತಿದೆ, ಯಾವುದನ್ನೂ ಬದಲಾಯಿಸ್ಬೇಡ" ಅಂದರು.

ವಾಪಸ್ ಹೊರಡುವಾಗ ಮತ್ತೆ ಅದೇ ಸ್ಟೀಲ್ ಡಬ್ಬಿ. ಖಾಲಿ ಕಳಿಸುವ ಹಾಗಿಲ್ಲವಲ್ಲ. ಈ ಸಲ ತುಂಬಿದ್ದು ಸಾರಿನ ಪುಡಿ. ಅದಕ್ಕೆ ಹಿತ್ತಲಿನ ಕರಿಬೇವನ್ನೇ ನೆರಳಲ್ಲಿ ಒಣಗಿಸಿ, ಹುರಿದು, ಎಂದಿಗಿಂತ ಎರಡು ಹಿಡಿ ಜಾಸ್ತಿ ಹಾಕಿದ್ದರು. "ಅವರ ಪುಡಿಯಿಂದ ಬೆಳೆದದ್ದು, ಅವರಿಗೂ ಸ್ವಲ್ಪ ಹೋಗ್ಲಿ. ಏನೂ ಅನ್ಕೋಬೇಡಿ ಅಂತ ಹೇಳು. ನಡು ಬಗ್ಗಿಸಿ ನಿಂತ್ರು ಅಂದ್ಯಲ್ಲ, ಆ ವಯಸ್ಸಲ್ಲಿ."

ಅಜ್ಜಿಗೆ ಕೊಟ್ಟೆ. ಅಮ್ಮ ಹೇಳಿದ್ದನ್ನೂ ಹೇಳಿದೆ, ಗಿಡದ ಫೋಟೋನೂ ತೋರಿಸಿದೆ. ಅವರು ಫೋಟೋಗೆ ತಲೆ ಬಾಗಿಸಿದರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಎರಡು ಸಲ ಸೀನಿ, ಮುಚ್ಚಿದರು.

ಒಂದು ವಾರದ ಮೇಲೆ ಹೇಗಿದೆ ಎಂದು ಕೇಳಿದೆ. ಅಜ್ಜಿ ಸಂತೋಷದಿಂದ, ಬಹಳ ಚೆನ್ನಾಗಿದೆ, ವಾರಕ್ಕೆರಡು ಸಲ ಹಾಕುತ್ತಿದ್ದೇನೆ ಅಂದರು.

ಅವರ ಅಡುಗೆಮನೆಯ ಹಿಂದೆ ಸಾಲಾಗಿ ಹೂವಿನ ಕುಂಡಗಳಿವೆ. ಅಲ್ಲಿ ಉಳಿದಷ್ಟು ದಿನ ನಾನು ಆ ಕಡೆಯಿಂದ ಓಡಾಡುವುದನ್ನೇ ಬಿಟ್ಟೆ.